ಮದುವೆ ವಿಡಿಯೊಗೂ ಅನಿಮೇಷನ್‌ಗೂ ಒಂದೇ ಕಂಪ್ಯೂಟರ್: ನಾನು ಆರಿಸಿದ್ದು ಹೀಗೆ

ಮುಹೂರ್ತದ ಶಾಟ್ ಅದು. ವರ ತಾಳಿ ಕಟ್ಟುತ್ತಿದ್ದಾನೆ, ಅಕ್ಷತೆ ಬೀಳುತ್ತಿದೆ, ಓಲಗ ಜೋರಾಗಿದೆ. ಟೈಮ್‌ಲೈನ್‌ನಲ್ಲಿ ಪ್ಲೇ ಒತ್ತಿದರೆ ಓಲಗ ಸರಿಯಾಗಿ ಕೇಳುತ್ತದೆ, ಚಿತ್ರ ಮಾತ್ರ ನಿಂತು ನಿಂತು ಬರುತ್ತದೆ. ಅಕ್ಷತೆ ಗಾಳಿಯಲ್ಲೇ ನಿಂತುಬಿಡುತ್ತದೆ. ಎರಡು ಸೆಕೆಂಡ್ ಬಿಟ್ಟು ನೋಡಿದರೆ ತಾಳಿ ಕಟ್ಟಿ ಮುಗಿದಿರುತ್ತದೆ. ಎಲ್ಲಿ ಕಟ್ ಮಾಡಬೇಕು ಅಂತ ಕಣ್ಣಿಗೆ ಗೊತ್ತಾಗದೆ, ಬರೀ ಓಲಗದ ಸದ್ದು ಹಿಡಿದುಕೊಂಡು ಎಡಿಟ್ ಮಾಡಿದ ರಾತ್ರಿಗಳು 2022ರಲ್ಲಿ ಎಷ್ಟೋ ಇದ್ದವು.

ನಮ್ಮದು ಶಿವಮೊಗ್ಗದಲ್ಲಿ ಒಂದು ಸಣ್ಣ ಸ್ಟುಡಿಯೊ. ನಾನು ಪ್ರೀಮಿಯರ್‌ನಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ ವಿಡಿಯೊ ಎಡಿಟ್ ಮಾಡುತ್ತೇನೆ. ನನ್ನ ತಮ್ಮ ಆಫ್ಟರ್ ಎಫೆಕ್ಟ್ಸ್ ಮತ್ತು ಬ್ಲೆಂಡರ್‌ನಲ್ಲಿ ಆಮಂತ್ರಣ, ಟೈಟಲ್, ಲೋಗೊ ಅನಿಮೇಷನ್ ಮಾಡುತ್ತಾನೆ. ಇಬ್ಬರಿಗೂ ಒಂದೇ ಕಂಪ್ಯೂಟರ್. ಹಗಲು ನನಗೆ, ರಾತ್ರಿ ಅವನ ರೆಂಡರ್‌ಗೆ, ಅಂದರೆ ಮಾಡಿದ ಅನಿಮೇಷನ್ನನ್ನು ಕಂಪ್ಯೂಟರ್ ಒಂದೊಂದೇ ಫ್ರೇಮಾಗಿ ಬಿಡಿಸುವ ಕೆಲಸಕ್ಕೆ.

ಹಳೇ ಕಂಪ್ಯೂಟರ್ 2019ರದ್ದು. ಐ7-9700ಎಫ್ ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಕೊಂಡಾಗ ಅಂಗಡಿಯವರು ಹೇಳಿದ್ದು ಇನ್ನೂ ನೆನಪಿದೆ: "ಐ7 ಇದೆ, ಕಾರ್ಡ್ ಇದೆ, ಇನ್ನೇನು ಬೇಕು ಸಾರ್?" ನನಗೂ ಹಾಗೇ ಅನಿಸಿತ್ತು. ಎರಡೂವರೆ ವರ್ಷ ಅದು ಚೆನ್ನಾಗಿಯೇ ದುಡಿಯಿತು. ತೊಂದರೆ ಶುರುವಾಗಿದ್ದು ನಮ್ಮ ಕ್ಯಾಮೆರಾಮನ್ ಸೋನಿ ಎ7 ಫೋರ್ ತೆಗೆದುಕೊಂಡ ಮೇಲೆ.

ಹಾರ್ಡ್ ಡಿಸ್ಕ್ ನಿಧಾನ ಇರಬೇಕು ಅಂದುಕೊಂಡು ಮೊದಲು ಎಸ್‌ಎಸ್‌ಡಿ ಹಾಕಿಸಿದೆ. ಏನೂ ಬದಲಾಗಲಿಲ್ಲ. ದುಡ್ಡು ಹೋದಮೇಲೆ ಕೂತು ಲೆಕ್ಕ ಹಾಕಿದೆ. ಅವರು 4ಕೆಯಲ್ಲಿ 50 ಫ್ರೇಮ್‌ಗೆ ಶೂಟ್ ಮಾಡುತ್ತಿದ್ದ ಫೈಲು ಸೆಕೆಂಡಿಗೆ 200 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 25 ಎಂಬಿ. ಹಳೇ ಹಾರ್ಡ್ ಡಿಸ್ಕ್ ಕೂಡ ಒಂದು ಕ್ಯಾಮೆರಾಗೆ ಇಷ್ಟನ್ನು ಆರಾಮಾಗಿ ಕೊಡುತ್ತದೆ. ಅಂದರೆ ಫೈಲು ಓದುವುದರಲ್ಲಿ ತೊಂದರೆ ಇರಲಿಲ್ಲ, ಕುಗ್ಗಿಸಿಟ್ಟಿದ್ದನ್ನು ಮತ್ತೆ ಚಿತ್ರವಾಗಿ ಬಿಚ್ಚುವುದರಲ್ಲಿ ಇತ್ತು.

ಅದನ್ನು ಕಣ್ಣಾರೆ ಕಂಡಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ, ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸ್ ಕಿಟಕಿಯಲ್ಲಿ. ಒಂದು ಪಕ್ಕ ಪ್ರೀಮಿಯರ್, ಇನ್ನೊಂದು ಪಕ್ಕ ಟಾಸ್ಕ್ ಮ್ಯಾನೇಜರ್ ಇಟ್ಟುಕೊಂಡು ಪ್ಲೇ ಒತ್ತಿದೆ. ಸಿಪಿಯು 100ಕ್ಕೆ ಹೋಗಿ ಅಲ್ಲೇ ಕೂತಿತು. ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ 'ವಿಡಿಯೊ ಡೀಕೋಡ್' ಅನ್ನುವ ಒಂದು ಗ್ರಾಫ್ ಇರುತ್ತದೆ. ಅದು ನೆಲ ಬಿಟ್ಟು ಏಳಲೇ ಇಲ್ಲ, ಸೊನ್ನೆ. ಮೊಬೈಲಿನಲ್ಲಿ ತೆಗೆದ ಒಂದು ಕ್ಲಿಪ್ ಹಾಕಿ ನೋಡಿದೆ. ಅದೇ ಗ್ರಾಫ್ ಎದ್ದು ನಿಂತಿತು, ಸಿಪಿಯು ತಣ್ಣಗಾಯಿತು. ಎರಡೂ ಎಚ್.265 ಅನ್ನುವ ವಿಧಾನದಲ್ಲಿ ಕುಗ್ಗಿಸಿದ ಫೈಲುಗಳೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ವ್ಯತ್ಯಾಸ ಇದ್ದಿದ್ದು ಬಣ್ಣದಲ್ಲಿ. ಮೊಬೈಲಿನದು 4:2:0. ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ. ಹೊಸ ಕ್ಯಾಮೆರಾದ್ದು 10 ಬಿಟ್ 4:2:2, ಎರಡು ಪಿಕ್ಸೆಲ್‌ಗೆ ಒಂದು. ಅರಿಶಿನ ಶಾಸ್ತ್ರದ ಹಳದಿಯನ್ನು ಮುಖದ ಬಣ್ಣ ಕೆಡಿಸದೆ ತಿದ್ದಬೇಕಾದರೆ ಈ ಹೆಚ್ಚಿನ ಮಾಹಿತಿ ನಿಜಕ್ಕೂ ಬೇಕು. ಅದಕ್ಕೇ ಕ್ಯಾಮೆರಾಮನ್ ಹಾಗೆ ಶೂಟ್ ಮಾಡುತ್ತಿದ್ದರು, ಅವರದ್ದೇನೂ ತಪ್ಪಿಲ್ಲ. ಆದರೆ ಎಚ್.265 ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತೋ ಅಷ್ಟನ್ನು ಬರೆಯುತ್ತದೆ. ಒಂದು ಫ್ರೇಮ್ ತೋರಿಸಲು ಹತ್ತಾರು ಫ್ರೇಮ್ ಬಿಚ್ಚಬೇಕಾಗಬಹುದು. ಈ ಕೆಲಸಕ್ಕೆ ಅಂತಲೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ಒಂದು ಚಿಕ್ಕ ಭಾಗ ಇರುತ್ತದೆ. ನನ್ನ ಕಾರ್ಡಿನ ಆ ಭಾಗಕ್ಕೆ 4:2:2 ಬರುತ್ತಿರಲಿಲ್ಲ. ಆಗ ಮಾರುಕಟ್ಟೆಯಲ್ಲಿದ್ದ ಎನ್‌ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಯ ಕಾರ್ಡುಗಳಿಗೂ ಬರುತ್ತಿರಲಿಲ್ಲ. ಎಎಂಡಿಯ ಆಗಿನ ಡೆಸ್ಕ್‌ಟಾಪ್ ರೈಜನ್ ಪ್ರೊಸೆಸರ್‌ಗಳಿಗೂ ಅಷ್ಟೇ. ಬರುತ್ತಿದ್ದುದು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳ ಒಳಗಿರುವ ಗ್ರಾಫಿಕ್ಸ್‌ಗೆ. ಕ್ವಿಕ್ ಸಿಂಕ್ ಅನ್ನುತ್ತಾರೆ ಅದಕ್ಕೆ.

ಇಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸಕ್ಕೆ ಇರುವುದಿಲ್ಲ. ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆ. "ಕಾರ್ಡ್ ಹೇಗೂ ಹಾಕ್ತೀರಲ್ಲ ಸಾರ್, ಎಫ್ ಸಾಕು" ಅಂತ ಎಲ್ಲ ಕಡೆ ಹೇಳುತ್ತಾರೆ. ಗೇಮ್ ಆಡುವವರಿಗೆ ಆ ಮಾತು ಸರಿ. 4:2:2 ಎಡಿಟ್ ಮಾಡುವವರಿಗೆ ಅದು ದೊಡ್ಡ ನಷ್ಟ.

ಹೊಸದು ಕೊಳ್ಳುವವರೆಗೆ ಪ್ರಾಕ್ಸಿಯಲ್ಲಿ ಕೆಲಸ ನಡೆಸಿದೆ. ರಾತ್ರಿ ಎಲ್ಲ ಕ್ಲಿಪ್ಪುಗಳಿಗೂ 720ಪಿ ಅಳತೆಯ ಹಗುರ ನಕಲು ಮಾಡಲು ಹಾಕಿ, ಬೆಳಿಗ್ಗೆ ಆ ನಕಲಿನಲ್ಲಿ ಎಡಿಟ್ ಮಾಡಿ, ಕೊನೆಗೆ ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿನಿಂದ. ದುಡ್ಡಿಲ್ಲದವರು ಈ ದಾರಿಯಲ್ಲೇ ಒಂದೆರಡು ಸೀಸನ್ ಧೈರ್ಯವಾಗಿ ಕಳೆಯಬಹುದು. ನಾನು ಬಿಟ್ಟಿದ್ದು, ತಮ್ಮನ ರೆಂಡರ್‌ಗೆ ರಾತ್ರಿಯೇ ಸಿಗದೇ ಹೋಯಿತು ಅಂತ.

ಅವನ ಕಷ್ಟ ಬೇರೆಯದು. ಒಂದು ರಥೋತ್ಸವದ ವಿಡಿಯೊಗೆ ಹತ್ತು ಸೆಕೆಂಡಿನ ಟೈಟಲ್ ಮಾಡುತ್ತಿದ್ದ. ಬ್ಲೆಂಡರ್‌ನಲ್ಲಿ ಮರದ ಕೆತ್ತನೆಯ ರಥ, ಬಣ್ಣದ ಬಾವುಟ, ಮೇಲಿಂದ ಹೂವಿನ ಎಸಳು. ರೆಂಡರ್ ಒತ್ತಿದರೆ 'ಔಟ್ ಆಫ್ ಮೆಮೊರಿ' ಅಂತ ನಿಂತುಬಿಡುತ್ತಿತ್ತು. "ಅಣ್ಣಾ, ಟೆಕ್ಸ್ಚರ್ ಫೈಲೆಲ್ಲ ಸೇರಿದ್ರೂ 200 ಎಂಬಿ ಇಲ್ಲ, ಕಾರ್ಡ್‌ನಲ್ಲಿ 4 ಜಿಬಿ ಇದೆ, ಹೇಗೆ ಸಾಲಲ್ಲ?" ಅಂತ ಕೇಳಿದ. ಟೆಕ್ಸ್ಚರ್ ಅಂದರೆ ರಥ, ಬಾವುಟಗಳ ಮೇಲೆ ಹೊದಿಸುವ ಚಿತ್ರ. ಡಿಸ್ಕಿನಲ್ಲಿ ಜೆಪೆಗ್ ಆಗಿ ಕುಗ್ಗಿ ಕೂತಿರುವ ಚಿತ್ರ ಕಾರ್ಡಿನ ಮೆಮೊರಿಗೆ ಹೋಗುವಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. 4096ಕ್ಕೆ 4096 ಪಿಕ್ಸೆಲ್, ಪಿಕ್ಸೆಲ್ ಒಂದಕ್ಕೆ 4 ಬೈಟ್. ಅಲ್ಲಿಗೆ ಒಂದೊಂದು ಬಣ್ಣದ ಟೆಕ್ಸ್ಚರಿಗೆ 64 ಎಂಬಿ. ಅಂಥವು ಐವತ್ತು ಇದ್ದರೆ 3 ಜಿಬಿ ದಾಟಿತು. ರಥದ ಕೆತ್ತನೆ, ಎಸಳುಗಳ ಲೆಕ್ಕ ಇನ್ನೂ ಬಂದೇ ಇಲ್ಲ.

ಸಿಪಿಯುನಲ್ಲಿ ರೆಂಡರ್ ಮಾಡಿದರೆ ಆಗುತ್ತಿತ್ತು, ಆದರೆ ಫ್ರೇಮಿಗೆ 11 ನಿಮಿಷ. ಹತ್ತು ಸೆಕೆಂಡಿಗೆ 250 ಫ್ರೇಮ್. ಸುಮಾರು 46 ಗಂಟೆ. ಒಂದು ಲಾಭ ಮಾತ್ರ ಆಯಿತು: ಹಾಗೆ ಮಾಡುವಾಗ ರೆಂಡರ್ ಕಿಟಕಿಯಲ್ಲಿ ಗರಿಷ್ಠ ಮೆಮೊರಿ ಎಷ್ಟು ಅಂತ ಕಾಣುತ್ತದೆ. ನಮ್ಮದು 7.4 ಜಿಬಿ ತೋರಿಸಿತು. ಕಾರ್ಡ್ ಆರಿಸಲು ನನಗೆ ಅದಕ್ಕಿಂತ ಒಳ್ಳೆಯ ಅಳತೆ ಎಲ್ಲೂ ಸಿಗಲಿಲ್ಲ.

ಹೀಗೆ ಎರಡು ಅಳತೆ ಕೈಯಲ್ಲಿ ಹಿಡಿದುಕೊಂಡು ನವೆಂಬರ್‌ನಲ್ಲಿ ರಾತ್ರಿ ರೈಲು ಹತ್ತಿ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಜೇಬಿನಲ್ಲಿ ಪೆನ್ ಡ್ರೈವ್. ಅದರಲ್ಲಿ ಆ ಮುಹೂರ್ತದ ಎರಡು ನಿಮಿಷದ ಕ್ಲಿಪ್ಪು ಮತ್ತು ರಥದ ಬ್ಲೆಂಡರ್ ಫೈಲು.

ಕಾರ್ಡ್ ವಿಷಯಕ್ಕೆ ಅಲ್ಲಿ ಜಾಸ್ತಿ ವಾದ ನಡೆಯಿತು. ಆರ್‌ಟಿಎಕ್ಸ್ 3060 12 ಜಿಬಿ ತೆಗೆದುಕೊಳ್ಳುವುದೋ, 8 ಜಿಬಿಯ 3060 ಟಿಐ ತೆಗೆದುಕೊಳ್ಳುವುದೋ? ವೇಗದಲ್ಲಿ ಟಿಐ ಖಂಡಿತ ಮುಂದು. ಆದರೆ ನಮ್ಮ ಸೀನು 7.4 ಜಿಬಿ ಕೇಳುತ್ತಿತ್ತು. ವಿಂಡೋಸೂ ಮಾನಿಟರೂ ಕಾರ್ಡಿನಲ್ಲೇ ಸ್ವಲ್ಪ ಜಾಗ ತಿನ್ನುತ್ತವೆ. 8 ಜಿಬಿಯಲ್ಲಿ ನಾವು ಅಂಚಿನಲ್ಲಿ ನಿಂತಿರುತ್ತಿದ್ದೆವು. ನಿಧಾನದ ಕಾರ್ಡ್ ಆದರೆ ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ. ಮೆಮೊರಿ ಸಾಲದಿದ್ದರೆ ಕೆಲಸವೇ ಆಗುವುದಿಲ್ಲ. 12 ಜಿಬಿಯದ್ದನ್ನೇ ತಂದೆ. ಅದೇ ರಥ ಈಗ ಫ್ರೇಮಿಗೆ 50 ಸೆಕೆಂಡ್. 46 ಗಂಟೆಯ ಕೆಲಸ ಮೂರೂವರೆ ಗಂಟೆಗೆ ಇಳಿಯಿತು.

ಪ್ರೊಸೆಸರ್ ಐ7-12700, ಎಫ್ ಇಲ್ಲದ್ದು. ಬೋರ್ಡ್ ಬಿ660. ಆ ಪ್ರೊಸೆಸರ್‌ಗೆ ಡಿಡಿಆರ್4 ರ್‍ಯಾಮ್ ಹಾಕುವ ಬೋರ್ಡೂ ಸಿಗುತ್ತಿತ್ತು, ಹೊಸ ಬಗೆಯ ಡಿಡಿಆರ್5 ಹಾಕುವ ಬೋರ್ಡೂ ಸಿಗುತ್ತಿತ್ತು. ಡಿಡಿಆರ್5 ಆಗ ತುಂಬಾ ದುಬಾರಿ. ಡಿಡಿಆರ್4 ತೆಗೆದುಕೊಂಡು ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿದೆ. ನಾಲ್ಕು ಸ್ಲಾಟ್ ಇರುವ ಬೋರ್ಡೇ ಬೇಕು ಅಂತ ಪಟ್ಟು ಹಿಡಿದೆ. 16 ಜಿಬಿಯ ಎರಡು ರ್‍ಯಾಮ್ ಹಾಕಿ, ಎರಡು ಸ್ಲಾಟ್ ಖಾಲಿ ಬಿಟ್ಟೆ.

ರ್‍ಯಾಮ್ ಎಷ್ಟು ಬೇಕು ಅನ್ನುವುದನ್ನು ಆಫ್ಟರ್ ಎಫೆಕ್ಟ್ಸ್ ಹೇಳಿಕೊಟ್ಟಿತು. ಅದು ಪ್ರಿವ್ಯೂ ಮಾಡುವಾಗ ತಯಾರಾದ ಫ್ರೇಮುಗಳನ್ನೆಲ್ಲ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ಇಟ್ಟುಕೊಂಡಿದೆ ಅಂತ ಟೈಮ್‌ಲೈನ್ ಮೇಲಿನ ಹಸಿರು ಗೆರೆ ತೋರಿಸುತ್ತದೆ. ಫುಲ್ ಎಚ್‌ಡಿ, 16 ಬಿಟ್ ಬಣ್ಣ ಅಂದರೆ ಫ್ರೇಮಿಗೆ ಸುಮಾರು 16.6 ಎಂಬಿ. 25 ಫ್ರೇಮಿಗೆ 415 ಎಂಬಿ. ಹಳೇ ಕಂಪ್ಯೂಟರಿನ 16 ಜಿಬಿಯಲ್ಲಿ ಬೇರೆ ಪ್ರೋಗ್ರಾಂಗಳು ತಿಂದು ಉಳಿಯುತ್ತಿದ್ದುದು 9 ಜಿಬಿ. ಹಸಿರು ಗೆರೆ 21ನೇ ಸೆಕೆಂಡಿಗೆ ನಿಲ್ಲುತ್ತಿತ್ತು. ಅವನ ಆಮಂತ್ರಣ 40 ಸೆಕೆಂಡಿನದು. ಹಾಡಿಗೆ ಹೆಸರುಗಳು ಸರಿಯಾಗಿ ಕೂತಿವೆಯಾ ಅಂತ ಒಂದೇ ಉಸಿರಿನಲ್ಲಿ ನೋಡಲು ಆಗುತ್ತಲೇ ಇರಲಿಲ್ಲ. ಅರ್ಧ ಅರ್ಧ ನೋಡಿ ಅಂದಾಜು ಮಾಡುತ್ತಿದ್ದ. 32 ಜಿಬಿ ಹಾಕಿದ ದಿನ ಆ ಗೆರೆ ಕೊನೆಯವರೆಗೂ ಹೋಯಿತು. ಅವನು ಕುರ್ಚಿಯಿಂದ ಎದ್ದು ಬಂದು ನನ್ನನ್ನು ಕರೆದು ತೋರಿಸಿದ. 4ಕೆಯಲ್ಲಿ ಅನಿಮೇಷನ್ ಮಾಡುವವರಿಗೆ ಇದೇ ಲೆಕ್ಕ ನಾಲ್ಕು ಪಟ್ಟು ಆಗುತ್ತದೆ, ಅವರು 64ರಿಂದಲೇ ಶುರು ಮಾಡಬೇಕು.

ಕಂಪ್ಯೂಟರ್ ಜೋಡಿಸಿ ಊರಿಗೆ ತಂದು ಅದೇ ಮುಹೂರ್ತ ಹಾಕಿದೆ. ಅಕ್ಷತೆ ಮತ್ತೆ ಗಾಳಿಯಲ್ಲೇ ನಿಂತಿತು. ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಒಂದೇ ಜಿಪಿಯು ಕಾಣುತ್ತಿದೆ. ಎರಡು ಕಾಣಬೇಕಿತ್ತು. ಬೇರೆ ಕಾರ್ಡ್ ಹಾಕಿದರೆ ಕೆಲವು ಬೋರ್ಡುಗಳು ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡಿಬಿಡುತ್ತವೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ 'ಐಜಿಪಿಯು ಮಲ್ಟಿ ಮಾನಿಟರ್' ಅನ್ನುವುದನ್ನು ಆನ್ ಮಾಡಿದೆ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಈ ಸಲ ಎರಡು ಜಿಪಿಯು ಇದ್ದವು. ಪ್ಲೇ ಒತ್ತಿದೆ. ಇಂಟೆಲ್ ಕಡೆಯ ಡೀಕೋಡ್ ಗ್ರಾಫ್ ಎದ್ದಿತು, ಅಕ್ಷತೆ ಒಂದೊಂದು ಕಾಳೂ ನೆಲಕ್ಕೆ ಬಿತ್ತು. ಲಕ್ಷ ರೂಪಾಯಿ ಸುರಿದವರೂ ಈ ಒಂದು ಸೆಟ್ಟಿಂಗ್ ಗೊತ್ತಿಲ್ಲದೆ ಒದ್ದಾಡುವುದನ್ನು ನೋಡಿದ್ದೇನೆ.

ಇನ್ನೊಂದು ಮಾತು ಕ್ಯಾಮೆರಾ ಕಡೆಯಿಂದ. ಇದೇ ಕ್ಯಾಮೆರಾದಲ್ಲಿ 4ಕೆ 25 ಫ್ರೇಮ್ ಇಟ್ಟರೆ ಫೈಲು ಎಚ್.264 ಅನ್ನುವ ಹಳೇ ವಿಧಾನದಲ್ಲಿ ಕುಗ್ಗಿ ಬರುತ್ತದೆ. 10 ಬಿಟ್ 4:2:2 ಎಚ್.264 ಅನ್ನು ನನ್ನ ಕ್ವಿಕ್ ಸಿಂಕ್ ಮುಟ್ಟುವುದಿಲ್ಲ, ಭಾರ ಮತ್ತೆ ಸಿಪಿಯು ಮೇಲೆ. ಅದಕ್ಕೆ ನಮ್ಮ ಕ್ಯಾಮೆರಾಮನ್‌ಗೆ ಎಚ್.265ನ 50 ಫ್ರೇಮಿನಲ್ಲೇ ತೆಗೆಯಲು ಕೇಳಿಕೊಂಡಿದ್ದೇನೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳು ಎರಡೂ ಬಗೆಯ 4:2:2 ಅನ್ನು ತಾವೇ ಬಿಚ್ಚುತ್ತವೆ. ಈಗ ಕೊಳ್ಳುವವರಿಗೆ ನನಗಿದ್ದಷ್ಟು ಕಟ್ಟುಪಾಡಿಲ್ಲ.

ಸ್ಟೋರೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಂಡೋಸ್‌ಗೆ 500 ಜಿಬಿಯ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ, ನಡೆಯುತ್ತಿರುವ ಕೆಲಸಕ್ಕೂ ಕ್ಯಾಶ್‌ಗೂ 1 ಟಿಬಿಯದು ಬೇರೆ, ಮುಗಿದದ್ದಕ್ಕೆ 4 ಟಿಬಿ ಹಾರ್ಡ್ ಡಿಸ್ಕ್. ಒಂದು ಗಂಟೆಯ ಶೂಟಿಂಗಿಗೆ 90 ಜಿಬಿ ತುಂಬುತ್ತದೆ. ತೀರಾ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿ ಬೇಡ. ಮೊದಲ ಸ್ವಲ್ಪ ಜಿಬಿ ಓಡುತ್ತದೆ, ಮದುವೆಯ ಪೂರ್ತಿ ಕ್ಯಾಮೆರಾ ಕಾರ್ಡ್ ಕಾಪಿ ಹಾಕಿದರೆ ಅರ್ಧಕ್ಕೆ ಬರುವಾಗ ತೆವಳುತ್ತದೆ. ಟಿಎಲ್‌ಸಿ ಅಂತ ಕೇಳಿ ತೆಗೆದುಕೊಳ್ಳಿ. ಗ್ರಾಹಕರ ಮದುವೆ ಎರಡನೇ ಸಲ ನಡೆಯುವುದಿಲ್ಲ, ಆದ್ದರಿಂದ ಎರಡು ಕಡೆ ಕಾಪಿ ಇಲ್ಲದೆ ನಾನು ಕ್ಯಾಮೆರಾ ಕಾರ್ಡ್ ಅಳಿಸುವುದೇ ಇಲ್ಲ.

ಕರೆಂಟಿನ ವಿಷಯ ನಮ್ಮ ಮಲೆನಾಡಿನಲ್ಲಿ ಸಣ್ಣದಲ್ಲ. ಪ್ರೊಸೆಸರ್ ಪೂರ್ತಿ ಓಡಿದರೆ 180 ವ್ಯಾಟ್, ಕಾರ್ಡ್ 170, ಉಳಿದದ್ದೆಲ್ಲ ಸೇರಿ 400ರ ಹತ್ತಿರ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ 650 ವ್ಯಾಟಿನದು, ಒಳ್ಳೆಯ ಕಂಪನಿಯದ್ದೇ ಹಾಕಿದೆ. ಆದರೆ ಯುಪಿಎಸ್ ಹಳೇದೇ ಇಟ್ಟುಕೊಂಡಿದ್ದೆ, 600 ವಿಎ. ಅದು ಕೊಡುವುದೇ 360 ವ್ಯಾಟ್. ಜುಲೈ ಮಳೆಯಲ್ಲಿ ಒಂದು ರಾತ್ರಿ ಕರೆಂಟ್ ಹೋದ ಕೂಡಲೇ ರೆಂಡರ್ ನಡೆಯುತ್ತಿದ್ದ ಕಂಪ್ಯೂಟರ್ ಯುಪಿಎಸ್ ಸಮೇತ ಆರಿಹೋಯಿತು. ತಮ್ಮ ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಹಾಕಿದ್ದ, 180 ಫ್ರೇಮ್ ಆಗಿದ್ದೆಲ್ಲ ಕೆಟ್ಟುಹೋಯಿತು. ಮಾರನೇ ದಿನವೇ 1100 ವಿಎ ಯುಪಿಎಸ್ ತಂದೆ. ಅವತ್ತಿನಿಂದ ಅವನು ರೆಂಡರ್ ಅನ್ನು ಒಂದೊಂದು ಫ್ರೇಮಿಗೂ ಒಂದೊಂದು ಪಿಎನ್‌ಜಿ ಆಗುವ ಹಾಗೆ ಹಾಕುತ್ತಾನೆ. ನಿಂತರೂ ನಿಂತ ಫ್ರೇಮಿನಿಂದ ಮುಂದುವರಿಸಬಹುದು.

ಮಾನಿಟರ್ ಬಿಟ್ಟು ಎಲ್ಲ ಸೇರಿ 1 ಲಕ್ಷದ 15 ಸಾವಿರ ಆಯಿತು. ಮಾನಿಟರ್ ಮುಂದಿನ ವರ್ಷ ನೋಡೋಣ ಅಂತ ಬಿಟ್ಟಿದ್ದೆ, ಅದೂ ತಪ್ಪೇ ಆಯಿತು. ಹಳೇ ಪರದೆಯಲ್ಲಿ ಚೆನ್ನಾಗಿ ಕಂಡ ಹಳದಿ, ಗ್ರಾಹಕರ ಮನೆಯ ಟಿವಿಯಲ್ಲಿ ಕಿತ್ತಳೆ ಆಗಿತ್ತು. ಮದುಮಗಳ ತಾಯಿ "ನಮ್ಮ ಹುಡುಗಿ ಬಣ್ಣ ಹೀಗಿಲ್ಲವಲ್ಲಪ್ಪ" ಅಂದರು. ಆ ವಾರವೇ 100% ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ಶ್ರೇಣಿ) ತೋರಿಸುವ ಐಪಿಎಸ್ ಮಾನಿಟರ್ ತಂದು, ಅವರ ಇಡೀ ವಿಡಿಯೊದ ಬಣ್ಣ ಮೊದಲಿನಿಂದ ತಿದ್ದಿ ಕೊಟ್ಟೆ.

ಹೋದ ತಿಂಗಳು ಸಾಗರದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಐ7 ತಗೊಳ್ಳಲಾ, ಐ9 ತಗೊಳ್ಳಲಾ?" ಅಂತ. ಯಾವ ಕ್ಯಾಮೆರಾದ ಫೈಲು ಬರುತ್ತದೆ ಅಂತ ಕೇಳಿದೆ. ಹಳೇ ಕ್ಯಾಮೆರಾ, 8 ಬಿಟ್, ಫುಲ್ ಎಚ್‌ಡಿ ಅಂದ. ಅನಿಮೇಷನ್ ಮಾಡ್ತೀಯಾ ಅಂದರೆ, ಇಲ್ಲ, ಹೆಸರು ಬರುವ ಟೈಟಲ್ ಅಷ್ಟೇ ಅಂದ. ಹಾಗಾದರೆ ನಿನಗೆ ಎಫ್ ಇಲ್ಲದ ಐ5, 32 ಜಿಬಿ ಸಾಕು, ಉಳಿದ ದುಡ್ಡಿಗೆ ಮೊದಲು ಒಳ್ಳೆಯ ಮಾನಿಟರ್ ತಗೋ ಅಂದೆ. ಕೊಳ್ಳುವ ಮೊದಲು ನಿನ್ನದೇ ಒಂದು ಕ್ಲಿಪ್ ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಓಡಿಸಿ ನೋಡು ಅಂತಲೂ ಹೇಳಿದ್ದೇನೆ.