ಕಾಯಿ ಪೌಡರ್ ಫ್ಯಾಕ್ಟರಿಯ ಕಾರ್ಬನ್ ಲೆಕ್ಕ: ನೀವೇ ಬರೆಯುವುದು ಹೇಗೆ?

"ನಿಮ್ಮ ಕಾರ್ಬನ್ ಎಷ್ಟು? ಸರ್ಟಿಫಿಕೇಟ್ ಇದೆಯಾ?" ಮಾಲು ಕೊಳ್ಳುವ ಕಂಪನಿಗಳು ಈಗ ರೇಟು ಕೇಳುವ ಜೊತೆಗೇ ಇದನ್ನೂ ಕೇಳುತ್ತವೆ. ಕಾರ್ಬನ್ ಲೆಕ್ಕ ಅಂದರೆ ಫ್ಯಾಕ್ಟರಿ ನಡೆಸುವುದರಿಂದ ವರ್ಷಕ್ಕೆ ಎಷ್ಟು ಕಾರ್ಬನ್ ಡೈ ಆಕ್ಸೈಡ್ ಮತ್ತು ಅದರಂತೆಯೇ ಭೂಮಿಯನ್ನು ಬಿಸಿ ಮಾಡುವ ಅನಿಲಗಳು ಗಾಳಿಗೆ ಸೇರುತ್ತವೆ ಅನ್ನುವ ಲೆಕ್ಕ. ನಾನು ತಿಪಟೂರು ಕಡೆಯ ಒಂದು ಕಾಯಿ ಪೌಡರ್ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಮತ್ತು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿಲ್ಲುಗಳೆಲ್ಲ ನನ್ನ ಹತ್ತಿರ ಇದ್ದದ್ದರಿಂದ ಈ ಲೆಕ್ಕವೂ ನನ್ನ ಮೇಜಿಗೇ ಬಂತು. ನಮ್ಮಂಥ ಸಣ್ಣ ಫ್ಯಾಕ್ಟರಿಯವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಲೆಕ್ಕ ನೀವೇ ಬರೆಯಿರಿ, ಸರ್ಟಿಫಿಕೇಟ್ ಆಮೇಲೆ. ಬರೆದವರ ಕಣ್ಣಿಗೇ ಎಲ್ಲಿ ಕಡಿಮೆ ಮಾಡಬಹುದು ಅನ್ನುವುದು ಬೀಳುತ್ತದೆ.

ಕೊಳ್ಳುವವರು ಕೇಳುವುದಕ್ಕೂ ಕಾರಣ ಇದೆ. ಷೇರು ಮಾರುಕಟ್ಟೆಯಲ್ಲಿ ಮೌಲ್ಯದ ಪ್ರಕಾರ ಮೊದಲ 1000 ಕಂಪನಿಗಳು 2022-23ರಿಂದ ಪರಿಸರದ ಲೆಕ್ಕ ಒಪ್ಪಿಸಲೇಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ನಿಯಮ ಮಾಡಿದೆ. ಅವರ ಲೆಕ್ಕ ಪೂರ್ತಿ ಆಗಬೇಕಾದರೆ ಅವರಿಗೆ ಮಾಲು ಕೊಡುವ ನಮ್ಮ ಲೆಕ್ಕವೂ ಬೇಕಾಗುತ್ತದೆ.

ಶುರು ಮಾಡುವ ಮುಂಚೆ ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಒಂದು, ಯಾವ ವರ್ಷ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇಟ್ಟುಕೊಂಡರೆ ಬಿಲ್ಲುಗಳ ಜೊತೆ ತಾಳೆ ಹಾಕುವುದು ಸುಲಭ. ಎರಡು, ಯಾವುದೆಲ್ಲ ನಮ್ಮದು. ಫ್ಯಾಕ್ಟರಿ, ಗೋಡೌನ್, ಸ್ವಂತ ಗಾಡಿಗಳು ನಮ್ಮವು. ಬಾಡಿಗೆ ಲಾರಿ ನಮ್ಮದಲ್ಲ, ಆದರೂ ಅದರ ಲೆಕ್ಕಕ್ಕೆ ಬೇರೆ ಜಾಗ ಇದೆ. ಜಗತ್ತೆಲ್ಲ ಬಳಸುವ ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲಗಳ ಲೆಕ್ಕ ಬರೆಯುವ ನಿಯಮಾವಳಿ) ಇದನ್ನು ಮೂರು ಭಾಗ ಮಾಡುತ್ತದೆ. ನಮ್ಮ ಅಂಗಳದಲ್ಲಿ ಮತ್ತು ನಮ್ಮ ಸ್ವಂತ ಗಾಡಿಗಳಿಂದ ಹೊರಬರುವುದು ಸ್ಕೋಪ್ 1. ಕೊಂಡ ಕರೆಂಟಿನದು ಸ್ಕೋಪ್ 2. ನಮಗೋಸ್ಕರ ಬೇರೆಯವರ ಕಡೆ ಆಗುವುದು ಸ್ಕೋಪ್ 3.

ಡೀಸೆಲ್‌ನಿಂದ ಶುರು ಮಾಡಿ, ಅದು ಎಲ್ಲಕ್ಕಿಂತ ಸುಲಭ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈ ಆಕ್ಸೈಡ್. ಆದರೆ ಬಂಕಿನ ಬಿಲ್ಲುಗಳನ್ನು ಸುಮ್ನೆ ಕೂಡಬೇಡಿ. ಮಾರ್ಚ್ ಕೊನೆಗೆ ಬ್ಯಾರೆಲ್ ತುಂಬಿಸಿಟ್ಟರೆ ಆ ಡೀಸೆಲ್ ಉರಿಯುವುದು ಮುಂದಿನ ವರ್ಷ. ವರ್ಷದ ಮೊದಲ ದಿನ ಇದ್ದ ಸ್ಟಾಕ್, ಅದಕ್ಕೆ ಕೊಂಡದ್ದು ಕೂಡಿಸಿ, ಕೊನೆಯ ದಿನ ಉಳಿದದ್ದು ಕಳೆಯಿರಿ. ಜನರೇಟರ್ ಓಡಿದ ಗಂಟೆಗಳ ಲಾಗ್‌ಬುಕ್ ಇಟ್ಟುಕೊಂಡು ಒಮ್ಮೆ ತಾಳೆ ನೋಡಿ. ಕ್ಯಾಂಟೀನ್ ಗ್ಯಾಸನ್ನೂ ಸೇರಿಸಿ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ ಹತ್ತಿರ ಹತ್ತಿರ 57 ಕೆಜಿ.

ಆಮೇಲೆ ಕರೆಂಟು. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಇದ್ದರೆ ಮೀಟರ್ ರೀಡಿಂಗ್ ಬರೆದುಕೊಂಡು ಬರಬೇಡಿ. ಬೆಸ್ಕಾಂ ಬಿಲ್ಲಿನಲ್ಲಿ ಆ ರೀಡಿಂಗನ್ನು ಒಂದು ಕಾನ್‌ಸ್ಟಂಟ್‌ನಿಂದ ಗುಣಿಸಿ ಯೂನಿಟ್ ಹಾಕಿರುತ್ತಾರೆ, ಆ ಯೂನಿಟ್ಟೇ ಬೇಕು. ಅದನ್ನು ದೇಶದ ಗ್ರಿಡ್‌ನ ಸರಾಸರಿಯಿಂದ, ಅಂದರೆ ಯೂನಿಟ್ ಒಂದಕ್ಕೆ ಸರಾಸರಿ ಎಷ್ಟು ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತದೋ ಅದರಿಂದ, ಗುಣಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ ಇದನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. 2023-24ಕ್ಕೆ ಅದು ಯೂನಿಟ್‌ಗೆ 0.727 ಕೆಜಿ. ತಿಂಗಳಿಗೆ 20,000 ಯೂನಿಟ್ ಉರಿಸುವ ಫ್ಯಾಕ್ಟರಿ ಅಂದುಕೊಳ್ಳಿ. ತಿಂಗಳಿಗೆ ಹದಿನಾಲ್ಕೂವರೆ ಟನ್ ಆಯಿತು.

ಇಲ್ಲಿ ನಮ್ಮ ಜಿಲ್ಲೆಯವರು ಕೇಳುವ ಮಾತೊಂದಿದೆ. "ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ನಮ್ಮ ಕರೆಂಟು ಸೋಲಾರೇ ಅಲ್ವಾ?" ಹಾಗೆ ಬರೆಯುವಂತಿಲ್ಲ. ಪಾವಗಡದ ಕರೆಂಟು ಗ್ರಿಡ್‌ಗೆ ಸೇರಿ ಎಲ್ಲರಿಗೂ ಹಂಚಿಹೋಗುತ್ತದೆ. ಹಸಿರು ಕರೆಂಟಿಗೆ ಅಂತಲೇ ಒಪ್ಪಂದ ಅಥವಾ ಪ್ರಮಾಣಪತ್ರ ಇದ್ದರೆ ಅದನ್ನು ಇನ್ನೊಂದು ಸಾಲಿನಲ್ಲಿ ತೋರಿಸಬಹುದು. ಆಗಲೂ ಗ್ರಿಡ್ ಸರಾಸರಿಯ ಸಾಲು ಪಕ್ಕದಲ್ಲಿ ಇರಲೇಬೇಕು. ನಿಮ್ಮ ಛಾವಣಿಯ ಸೋಲಾರ್ ಕರೆಂಟನ್ನು ನೀವೇ ಬಳಸಿದರೆ ಬೆಸ್ಕಾಂನಿಂದ ಕೊಳ್ಳುವ ಯೂನಿಟ್ ತಾನಾಗೇ ಇಳಿಯುತ್ತದೆ.

ಬಾಯ್ಲರ್ ವಿಷಯಕ್ಕೆ ಬಂದರೆ, ನಮ್ಮಲ್ಲಿ ಉರಿಯುವುದು ತೆಂಗಿನ ಚಿಪ್ಪು. ಮರ ಗಾಳಿಯಿಂದ ಹೀರಿಕೊಂಡ ಇಂಗಾಲವೇ ವಾಪಸ್ ಹೋಗುತ್ತದೆ ಅನ್ನುವ ಲೆಕ್ಕದಲ್ಲಿ, ಆ ಕಾರ್ಬನ್ ಡೈ ಆಕ್ಸೈಡನ್ನು ಸ್ಕೋಪ್ 1ಕ್ಕೆ ಸೇರಿಸುವುದಿಲ್ಲ. ಹಾಗಂತ ಬಿಟ್ಟುಬಿಡುವಂತೆಯೂ ಇಲ್ಲ, 'ಜೈವಿಕ ಮೂಲದ್ದು' ಅಂತ ಬೇರೆ ಸಾಲಿನಲ್ಲಿ ಬರೆಯಬೇಕು. ಉರಿಯುವಾಗ ಬರುವ ಸ್ವಲ್ಪ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೇ ಸೇರುತ್ತವೆ. ಟನ್ ಚಿಪ್ಪಿಗೆ ಇವೆರಡರಿಂದ ಸುಮಾರು 30-35 ಕೆಜಿ ಕಾರ್ಬನ್ ಡೈ ಆಕ್ಸೈಡಿಗೆ ಸಮ ಬರುತ್ತದೆ. ಇದಕ್ಕೆ ತೂಕ ಗೊತ್ತಿರಬೇಕು. ನಮ್ಮ ಚಿಪ್ಪು ನಮ್ಮಲ್ಲೇ ಬೀಳುವುದರಿಂದ ಬಿಲ್ಲು ಇರುವುದಿಲ್ಲ. ಬಾಯ್ಲರ್‌ಗೆ ಹಾಕುವ ತಳ್ಳುಗಾಡಿಯನ್ನು ಆಗಾಗ ತೂಕ ಹಾಕಿಸಿ ಸರಾಸರಿ ಹಿಡಿಯಿರಿ, ಎಷ್ಟು ಗಾಡಿ ಅಂತ ಪ್ರತಿ ಶಿಫ್ಟಿನಲ್ಲಿ ಬರೆಸಿ.

ಈಗ ನೀರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮ ಕಸುಬಿನಲ್ಲಿ ಜಾಸ್ತಿ ಜನ ಲೆಕ್ಕಕ್ಕೇ ಹಿಡಿಯದ ಬಾಬ್ತು ಇದು. ಬಲಿತ ಕಾಯಿ ಒಡೆದಾಗ ಬರುವ ನೀರು, ಕಾಯಿಯ ತಿರುಳು ತೊಳೆದ ನೀರು ಎಲ್ಲ ಹೊಂಡಕ್ಕೆ ಹೋಗುತ್ತದೆ. ಅದರಲ್ಲಿ ಸಕ್ಕರೆ ಇದೆ, ಎಣ್ಣೆ ಇದೆ. ಹೊಂಡ ಆಳವಾಗಿದ್ದರೆ ತಳಕ್ಕೆ ಗಾಳಿ ತಲುಪದೆ ನೀರು ಕೊಳೆಯುತ್ತದೆ. "ಮೇಡಂ, ನೋಡಿ, ಒಲೆ ಮೇಲಿಟ್ಟಂಗೆ ಗುಳ್ಳೆ ಬರ್ತಾ ಇದೆ" ಅಂತ ನಮ್ಮ ಬಾಯ್ಲರ್ ಅಣ್ಣ ತೋರಿಸಿದರು. ಮೇಲೆ ಕಂದು ಬಣ್ಣದ ಕೆನೆ ಕಟ್ಟಿತ್ತು. ಅದನ್ನು ಒಡೆದುಕೊಂಡು ಗುಳ್ಳೆಗಳು ಒಂದೇ ಸಮ ಬರುತ್ತಿದ್ದವು. ಆ ಗುಳ್ಳೆಯಲ್ಲಿ ಇರುವುದು ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ 28 ಕೆಜಿ ಕಾರ್ಬನ್ ಡೈ ಆಕ್ಸೈಡಿಗೆ ಸಮ.

ಲೆಕ್ಕ ಹೀಗೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂತ ಮಾಡಿಸುವ ನೀರಿನ ಲ್ಯಾಬ್ ರಿಪೋರ್ಟ್ ತೆಗೆಯಿರಿ. ಹೊಂಡಕ್ಕೆ ಹೋಗುವ ನೀರಿನ ಸಿಒಡಿ (ನೀರಿನಲ್ಲಿರುವ ಕೊಳೆ ಕರಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಎಷ್ಟು ಅಂತ ನೋಡಿ. ಲೀಟರ್‌ಗೆ 5 ಗ್ರಾಂ, ದಿನಕ್ಕೆ 10,000 ಲೀಟರ್ ನೀರು ಅಂದುಕೊಳ್ಳೋಣ. ದಿನಕ್ಕೆ 50 ಕೆಜಿ ಸಿಒಡಿ ಆಯಿತು. ಕೆಜಿ ಸಿಒಡಿಗೆ ಹೆಚ್ಚೆಂದರೆ 0.25 ಕೆಜಿ ಮೀಥೇನ್ ಅಂತ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿ ಐಪಿಸಿಸಿ ಕೊಟ್ಟಿದೆ. ಹೊಂಡದ ಆಳ ಎರಡು ಮೀಟರ್‌ಗಿಂತ ಜಾಸ್ತಿ ಇದ್ದರೆ ಅದನ್ನು 0.8ರಿಂದ ಗುಣಿಸಬೇಕು, ಕಡಿಮೆ ಇದ್ದರೆ 0.2ರಿಂದ. ಆಳದ ಹೊಂಡಕ್ಕೆ ದಿನಕ್ಕೆ 10 ಕೆಜಿ ಮೀಥೇನ್ ಬಂತು, ಅಂದರೆ 280 ಕೆಜಿಗೆ ಸಮ. ದಿನಾ ನೂರು ಲೀಟರ್‌ಗೂ ಜಾಸ್ತಿ ಡೀಸೆಲ್ ಸುಟ್ಟ ಹಾಗೆ! ಇದಕ್ಕೆ ಯಾರೂ ಬಿಲ್ಲು ಕಳಿಸುವುದಿಲ್ಲ. ಹಾಗಾಗಿ ಬಿಲ್ಲು ನೋಡಿ ಲೆಕ್ಕ ಬರೆಯುವವರಿಗೆ ಇದು ಸಿಗುವುದೂ ಇಲ್ಲ. ಎರಡೇ ದಿನದಲ್ಲಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಅಂತ ಬಂದವರೊಬ್ಬರ ಫಾರಂನಲ್ಲಿ ನೀರಿಗೆ ಕಾಲಮ್ಮೇ ಇರಲಿಲ್ಲ.

ಕಡಿಮೆ ಮಾಡುವ ದಾರಿಯೂ ಇಲ್ಲೇ ಇದೆ. ಹೊಂಡದ ಬದಲು ಮುಚ್ಚಿದ ಬಯೋಗ್ಯಾಸ್ ಟ್ಯಾಂಕ್ ಕಟ್ಟಿಸಿ ಆ ಗ್ಯಾಸನ್ನು ಬಾಯ್ಲರ್‌ಗೋ ಕ್ಯಾಂಟೀನ್‌ಗೋ ಕೊಡಬಹುದು. ಅಷ್ಟು ದುಡ್ಡು ಸದ್ಯಕ್ಕಿಲ್ಲ ಅಂದರೆ ಕಾಯಿ ನೀರನ್ನು ಒಡೆಯುವ ಜಾಗದಲ್ಲೇ ಬೇರೆ ಹಿಡಿದು, ಕೊಳ್ಳುವವರಿದ್ದರೆ ಕೊಡಿ. ಹೊಂಡಕ್ಕೆ ಹೋಗುವ ಸಕ್ಕರೆ ಅಷ್ಟಾದರೂ ತಗ್ಗುತ್ತದೆ.

ಎಸಿ ಮತ್ತು ಕೋಲ್ಡ್ ರೂಂ ಇದ್ದರೆ ಮೆಕ್ಯಾನಿಕ್ ಎಷ್ಟು ಕೆಜಿ ಗ್ಯಾಸ್ ತುಂಬಿದ ಅಂತ ಬಿಲ್ಲಿನಲ್ಲಿ ಬರೆಸಿ. ಎಸಿಗೆ ತುಂಬುವ ಆರ್-410ಎ ಗ್ಯಾಸ್ ಒಂದು ಕೆಜಿ ಸೋರಿದರೆ ಸುಮಾರು ಎರಡು ಟನ್ ಕಾರ್ಬನ್ ಡೈ ಆಕ್ಸೈಡಿಗೆ ಸಮ.

ಸ್ಕೋಪ್ 3ರಲ್ಲಿ ಹದಿನೈದು ಬಾಬ್ತುಗಳಿವೆ. ಮೊದಲ ವರ್ಷ ಎಲ್ಲದಕ್ಕೂ ಕೈ ಹಾಕಬೇಡಿ. ಸಾಗಾಣಿಕೆ ಮತ್ತು ಪ್ಯಾಕಿಂಗ್ ಚೀಲ ಹಿಡಿಯಿರಿ. ತಿಪಟೂರಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಲಾರಿ ಖಾಲಿ ವಾಪಸ್ ಬಂದರೆ 280. ಲೀಟರ್‌ಗೆ 5 ಕಿಲೋಮೀಟರ್ ಅಂದರೆ 56 ಲೀಟರ್, ಒಂದು ಟ್ರಿಪ್ಪಿಗೆ 150 ಕೆಜಿ. ಲಾರಿಗೆ ರಿಟರ್ನ್ ಲೋಡ್ ಸಿಗುವಂತೆ ಮಾಡಿದರೆ ಇದರಲ್ಲಿ ಸುಮಾರು ಅರ್ಧ ನಿಮ್ಮ ಲೆಕ್ಕದಿಂದ ಹೋಗುತ್ತದೆ. ರೈತರು ತೋಟಕ್ಕೆ ಹಾಕುವ ಯೂರಿಯಾದ್ದೂ ಇಲ್ಲಿಗೇ ಬರುತ್ತದೆ, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಬಿಟ್ಟದ್ದು ಏನು, ಯಾಕೆ ಅಂತ ಮಾತ್ರ ಬರೆದಿಡಿ. ಇನ್ನೊಂದು ಮಾತು. "ಸುತ್ತ ಇಷ್ಟೊಂದು ತೆಂಗಿನ ಮರ ಇವೆ, ಅವು ಹೀರಿಕೊಳ್ಳುವುದನ್ನು ಕಳೆದುಬಿಡಿ" ಅನ್ನುವವರಿದ್ದಾರೆ. ತೋಟ ರೈತರದು. ಅದನ್ನು ನಮ್ಮ ಲೆಕ್ಕದಲ್ಲಿ ಕಳೆಯುವುದು ನ್ಯಾಯವಲ್ಲ.

ಕರೆಂಟು ಉಳಿಸುವುದಕ್ಕೆ ಏರ್ ಕಂಪ್ರೆಸರ್‌ನಿಂದ ಶುರು ಮಾಡಿ. ಭಾನುವಾರ ಎಲ್ಲ ನಿಂತಾಗ ಕಂಪ್ರೆಸರ್ ಒಂದನ್ನೇ ಓಡಿಸಿ. ಗಾಳಿ ಬಳಸುವವರು ಯಾರೂ ಇಲ್ಲದಿದ್ದರೂ ಅದು ಮತ್ತೆ ಮತ್ತೆ ಲೋಡ್ ಆದರೆ ಪೈಪಿನಲ್ಲಿ ಸೋರಿಕೆ ಇದೆ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಹುಡುಕಿ. ಕೆಲಸಕ್ಕೆ ತೊಂದರೆ ಇಲ್ಲದಿದ್ದರೆ ಒತ್ತಡವನ್ನು ಒಂದು ಬಾರ್ ಇಳಿಸಿ, ಕಂಪ್ರೆಸರ್ ಕರೆಂಟು ನೂರಕ್ಕೆ ಆರೇಳರಷ್ಟು ಉಳಿಯುತ್ತದೆ. ಬಾಯ್ಲರ್‌ಗೆ ಹೋಗುವ ನೀರನ್ನು ವ್ಯರ್ಥವಾಗುವ ಶಾಖದಿಂದಲೇ ಬಿಸಿ ಮಾಡಿದರೆ ಪ್ರತಿ 6 ಡಿಗ್ರಿಗೆ ಇಂಧನ ನೂರಕ್ಕೆ ಒಂದರಷ್ಟು ಉಳಿಯುತ್ತದೆ. ಉಳಿದ ಚಿಪ್ಪಿಗೆ ಇದ್ದಿಲು ಮಾಡುವವರು ಒಳ್ಳೆ ರೇಟು ಕೊಡುತ್ತಾರೆ.

ಇಷ್ಟಾದ ಮೇಲೆ ಪರಿಶೀಲನೆ. ಲೆಕ್ಕ ಬರೆಯುವ ರೀತಿಗೆ ಐಎಸ್‌ಒ 14064-1, ಅದನ್ನು ಪರಿಶೀಲಿಸುವ ರೀತಿಗೆ 14064-3. ಒಂದೇ ಒಂದು ಉತ್ಪನ್ನದ ಲೆಕ್ಕ ಕೇಳಿದರೆ 14067. ಪರಿಶೀಲಿಸುವ ಸಂಸ್ಥೆಗೆ ಎನ್‌ಎಬಿಸಿಬಿಯಂಥ (ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ) ಮಂಡಳಿಯ ಮಾನ್ಯತೆ ಇದೆಯಾ ಕೇಳಿ. ನಿಮಗೆ ಲೆಕ್ಕ ಬರೆದುಕೊಟ್ಟವರೇ ಪರಿಶೀಲಿಸುವಂತಿಲ್ಲ. ಬಂದವರು ಬಿಲ್ಲು, ಲಾಗ್‌ಬುಕ್, ವೇಬ್ರಿಡ್ಜ್‌ನ ಕ್ಯಾಲಿಬ್ರೇಷನ್ ಪತ್ರ, ಲ್ಯಾಬ್ ರಿಪೋರ್ಟ್ ಕೇಳುತ್ತಾರೆ. ಪ್ರತಿ ಅಂಕಿಯ ಪಕ್ಕ ಅದು ಯಾವ ಫೈಲಿನಿಂದ ಬಂತು ಅಂತ ಬರೆದಿದ್ದರೆ ಕೆಲಸ ಹಗುರ. ಕೊನೆಗೆ ಅವರು ಕೊಡುವುದು ನಿಮ್ಮ ಲೆಕ್ಕ ಸರಿಯಿದೆ ಅನ್ನುವ ಹೇಳಿಕೆ. ಹೊಗೆ ಕಡಿಮೆ ಇದೆ ಅಂತ ಅದರ ಅರ್ಥವಲ್ಲ.

'ಕಾರ್ಬನ್ ನ್ಯೂಟ್ರಲ್' (ಒಟ್ಟು ಕಾರ್ಬನ್ ಸೊನ್ನೆ) ಅಂತ ಪ್ಯಾಕೆಟ್ ಮೇಲೆ ಹಾಕಿಸುವ ಆಸೆ ಇದ್ದರೆ ತಡೆಯಿರಿ. ಬೇರೆಯವರು ಬೇರೆಡೆ ಇಳಿಸಿದ ಕಾರ್ಬನ್ನನ್ನು ಕ್ರೆಡಿಟ್ ಅಂತ ದುಡ್ಡು ಕೊಟ್ಟು ಕೊಂಡು ಹಾಗೆ ಹೇಳಿಕೊಳ್ಳುವುದನ್ನು ಯುರೋಪಿಯನ್ ಒಕ್ಕೂಟ 2024ರ ನಿಯಮದಲ್ಲಿ ನಿಷೇಧಿಸಿದೆ. ಅದು 2026ರ ಸೆಪ್ಟೆಂಬರ್ 27ರಿಂದ ಜಾರಿಗೆ ಬರುತ್ತದೆ. ಅದರ ಬದಲು ಕೊಳ್ಳುವವರಿಗೆ ಒಂದು ಪುಟ ಕಳಿಸಿ: ಯಾವ ವರ್ಷ, ಸ್ಕೋಪ್ 1 ಮತ್ತು 2 ಎಷ್ಟು, ಚಿಪ್ಪಿನದು ಬೇರೆಯಾಗಿ ಎಷ್ಟು, ಸ್ಕೋಪ್ 3ರಲ್ಲಿ ಏನೇನು ಹಿಡಿದಿದ್ದೇವೆ, ಟನ್ ಪೌಡರ್‌ಗೆ ಎಷ್ಟು ಬಿತ್ತು, ಯಾರು ಪರಿಶೀಲಿಸಿದರು. ಟನ್‌ಗೆ ಎಷ್ಟು ಅನ್ನುವುದನ್ನು ಮರೆಯಬೇಡಿ. ಮಳೆ ಕೈಕೊಟ್ಟು ಕಾಯಿ ಕಡಿಮೆ ಬಂದ ವರ್ಷ ಒಟ್ಟು ಅಂಕಿ ತಾನಾಗೇ ಇಳಿಯುತ್ತದೆ. ನಾವು ನಿಜವಾಗಿ ಇಳಿಸಿದ್ದೇವಾ ಅನ್ನುವುದು ಟನ್ ಲೆಕ್ಕದಲ್ಲೇ ಗೊತ್ತಾಗುವುದು.