ಹರ್ಮನ್ ಎಂಬ ಹೆಸರನ್ನು ಬಿಡಿಸಿ ನೋಡುವ ಬಗೆ

ನಾನು ಮಂಗಳೂರಿನಲ್ಲಿ ಜರ್ಮನ್ ಪಾಠ ಹೇಳುವವಳು. 'ಹರ್ಮನ್ ಅಂದ್ರೆ ಏನು ಮೇಡಂ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1843ರಲ್ಲಿ ಇಲ್ಲಿಂದ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹೆಸರು ಎಲ್ಲರಿಗೂ ಗೊತ್ತಲ್ಲ. ನಾನು ಅರ್ಥ ಹೇಳುವುದಿಲ್ಲ, ಬಿಡಿಸಲು ಹಚ್ಚುತ್ತೇನೆ.

ಮೊದಲು ಹೆಸರಿನ ಹಳೆಯ ರೂಪ ಹುಡುಕಿ. 1856ರಲ್ಲಿ ಮೊದಲ ಸಂಪುಟ ಕಂಡ ಫೋರ್ಸ್ಟೆಮನ್ನರ ಹಳೆಯ ಜರ್ಮನ್ ಹೆಸರುಗಳ ಕೋಶ ಇದಕ್ಕೆ ಒಳ್ಳೆಯದು. ಹರ್ಮನ್ ಹಿಂದೆ 'ಹರಿಮನ್', 'ಹೆರಿಮನ್' ಆಗಿತ್ತು. ಈಗ ಎರಡು ತುಂಡು ಮಾಡಿ: ಹರಿ ಎಂದರೆ ಸೈನ್ಯ, ಮನ್ ಎಂದರೆ ಮನುಷ್ಯ. ನಮ್ಮ ಶ್ರೀಹರಿಯನ್ನು ಇಲ್ಲಿಗೆ ಎಳೆದು ತರಬೇಡಿ! 'ಮನ್' ಮಾತ್ರ ಸಂಸ್ಕೃತದ 'ಮನು'ವಿನ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ.

ಸಿಕ್ಕ ತುಂಡನ್ನು ಬೇರೆ ಹೆಸರುಗಳಲ್ಲೂ ಹುಡುಕಿ. ಹೆಸರಿನ ಕೊನೆಗೆ ಬಂದರೆ ಹರಿ ಸವೆದು ಬರೀ 'ಅರ್' ಆಗಿಬಿಡುತ್ತದೆ: ವಾಲ್ಟರ್, ಗುಂಟರ್, ವೆರ್ನರ್. ವಾಲ್ಟರ್ ಎಂದರೆ ಆಳ್ವಿಕೆ, ಸೈನ್ಯ. ಅದೇ ಎರಡು ತುಂಡನ್ನು ಹಿಂದುಮುಂದು ಮಾಡಿದರೆ ಹೆರಾಲ್ಡ್!

ಎರಡೂ ತುಂಡು ಕೂಡಿಸಿ ವಾಕ್ಯ ಕಟ್ಟುವ ಆಸೆ ಬಿಡಿ. ಮಗುವಿಗೆ ಹೆಸರು ಸೂಚಿಸುವ ಜಾಲತಾಣಗಳು ಎಡವುವುದು ಅಲ್ಲೇ. ಹಿಲ್ಡೆಗುಂಡ್‌ನ ಎರಡೂ ತುಂಡಿಗೆ ಯುದ್ಧ ಎಂದೇ ಅರ್ಥ. ಯುದ್ಧಯುದ್ಧ ಅಂತ ಯಾರಾದರೂ ಮಗಳನ್ನು ಕರೆದಾರೆಯೇ? ಮನೆತನದ ಗುರುತಾಗಿ ತುಂಡುಗಳನ್ನು ಬದಲಿಸಿ ಜೋಡಿಸುತ್ತಿದ್ದರು. 9ನೇ ಶತಮಾನದ ಹಸ್ತಪ್ರತಿಯಲ್ಲಿ ಉಳಿದ ಹಳೆಯ ಜರ್ಮನ್ ವೀರಗೀತೆ ಹಿಲ್ಡೆಬ್ರಾಂಡನ ಹಾಡಿನಲ್ಲಿ ಅಜ್ಜ ಹೆರಿಬ್ರಾಂಡ್, ಅಪ್ಪ ಹಿಲ್ಡೆಬ್ರಾಂಡ್, ಮಗ ಹಾಡುಬ್ರಾಂಡ್.

ಜರ್ಮನರ ಹೆಸರೆಲ್ಲ ಜರ್ಮನ್ ಮೂಲದ್ದೂ ಅಲ್ಲ. ನಿಘಂಟಿನ ಕಿಟ್ಟೆಲರ ಪೂರ್ತಿ ಹೆಸರು ಗೆಯೋರ್ಗ್ ಫರ್ಡಿನಾಂಡ್ ಕಿಟ್ಟೆಲ್. ಗೆಯೋರ್ಗ್ ಗ್ರೀಕ್, ರೈತ ಎಂದರ್ಥ. ಫರ್ಡಿನಾಂಡ್ ಗೋಥರೆಂಬ ಹಳೆಯ ಜರ್ಮಾನಿಕ್ ಜನರ ಜತೆ ಸ್ಪೇನಿಗೆ ಹೋಗಿ, ಹಾಬ್ಸ್‌ಬುರ್ಗ್ ಅರಸುಮನೆತನದ ಮೂಲಕ ಮರಳಿದ ಹೆಸರು.

ಇಷ್ಟು ಕೈಗೆ ಹತ್ತಿದ ಮೇಲೆ ಅರ್ಮಿನಿಯಸ್‌ನನ್ನು ಪರೀಕ್ಷಿಸಿ. ಕ್ರಿ.ಶ. 9ರಲ್ಲಿ ಟ್ಯೂಟೊಬುರ್ಗ್ ಕಾಡಿನಲ್ಲಿ ರೋಮಿನ ಮೂರು ಲೀಜನ್‌ಗಳನ್ನು, ಅಂದರೆ ದೊಡ್ಡ ಸೇನಾದಳಗಳನ್ನು, ಮುಗಿಸಿದ ಜರ್ಮಾನಿಕ್ ನಾಯಕ ಅವನು. 16ನೇ ಶತಮಾನದ ಜರ್ಮನರು ಅವನನ್ನು ಹರ್ಮನ್ ಎಂದು ಕರೆದರು; 1875ರಲ್ಲಿ ಡೆಟ್ಮೋಲ್ಡ್ ಬಳಿ ಅದೇ ಹೆಸರಿನಲ್ಲಿ ಪ್ರತಿಮೆಯೂ ಎದ್ದಿತು. ಆದರೆ ಅವನ ಕಥೆ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನೇ ಬಟಾವಿಯರೆಂಬ ಜರ್ಮಾನಿಕ್ ಬುಡಕಟ್ಟಿನ ನಾಯಕನೊಬ್ಬನನ್ನು 'ಖರಿಯೊವಾಲ್ಡ' ಎನ್ನುತ್ತಾನೆ. ಅದು ನಮ್ಮ ಹೆರಾಲ್ಡನೇ. ಹರಿಯನ್ನು ಹೀಗೆ 'ಖರಿ' ಎಂದು ಬರೆಯುತ್ತಿದ್ದ ಕಾಲದಲ್ಲಿ ಅರ್ಮಿನಿಯಸ್‌ನ ಮೊದಲಕ್ಷರ ಬರೀ 'ಅ'. ಹಾಗಾಗಿ ಅವನ ಹೆಸರು ಹರ್ಮನ್ ಆಗಿರಲಾರದು.