ಒಂದೇ ಕಪ್ಪು, ಮೂರು ಕಾರಣ

ಪಿಎಚ್‌ಡಿಯ ಮೊದಲ ವರ್ಷ ನನ್ನನ್ನು ಕಾಡಿದ್ದು ಒಂದು ಕಪ್ಪು ಮಚ್ಚೆ. ಇಲಿಯ ಮಿದುಳಿನ 60 ಮೈಕ್ರೊಮೀಟರ್ ದಪ್ಪದ ಬಿಲ್ಲೆಯನ್ನು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್‌ಗಳ ನಡುವೆ ಇಟ್ಟು ಚಿತ್ರ ತೆಗೆದಿದ್ದೆ. ನರದ ನಾರುಗಳೆಲ್ಲ ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಏನೂ ಇಲ್ಲ. ಆದರೆ ಅಲ್ಲಿಗೆ ಎರಡು ಕಡೆಯಿಂದ ನಾರಿನ ಕಟ್ಟುಗಳು ಬರುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಒಳಗೆ ಹೋದವು ಎಲ್ಲಿಗೆ ಹೋದವು?

ಪೋಲರೈಸರ್ ವಿಧಾನ ನಿಂತಿರುವುದು ಮೈಲಿನ್ ಮೇಲೆ. ನಾರಿಗೆ ಸುತ್ತಿಕೊಂಡಿರುವ ಈ ಕೊಬ್ಬಿನ ಪದರದಲ್ಲಿ, ನಾರಿನ ಉದ್ದಕ್ಕೆ ಕಂಪಿಸುವ ಬೆಳಕಿಗೆ ಒಂದು ವೇಗ, ಅಡ್ಡಕ್ಕೆ ಕಂಪಿಸುವ ಬೆಳಕಿಗೆ ಇನ್ನೊಂದು. ಆ ವ್ಯತ್ಯಾಸವೇ ಹೊಳಪು. ಈಗ ಎರಡು ನಾರುಗಳು 90 ಡಿಗ್ರಿಯಲ್ಲಿ ಒಂದರ ಮೇಲೊಂದು ಹಾದುಹೋದರೆ? ಒಂದು ಮಾಡಿದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಚಿತ್ರ ಕಪ್ಪು. ನಾರು ನೆಟ್ಟಗೆ ಕ್ಯಾಮೆರಾ ಕಡೆ ನಿಂತಿದ್ದರೂ ಕಪ್ಪು. ನಾರೇ ಇಲ್ಲದಿದ್ದರೂ ಕಪ್ಪು. ಮೂರು ಬೇರೆ ಕಾರಣ, ಕಾಣುವುದು ಮಾತ್ರ ಒಂದೇ. ಈ ಮೂರನ್ನು ಬೇರೆ ಮಾಡುವುದೇ ನನ್ನ ಸಂಶೋಧನೆಯಾಯಿತು.

ದಾರಿ ತೋರಿಸಿದ್ದು ಒಂದು ಕೂದಲು. ಲೇಸರ್ ಪಾಯಿಂಟರ್ ಮುಂದೆ ಕೂದಲು ಹಿಡಿದು ಗೋಡೆ ನೋಡಿ. ಚುಕ್ಕೆ ಗೆರೆಯಾಗುತ್ತದೆ, ಆ ಗೆರೆ ಕೂದಲಿಗೆ ಅಡ್ಡಲಾಗಿರುತ್ತದೆ. ಕೂದಲು ತಿರುಗಿಸಿದರೆ ಗೆರೆಯೂ ತಿರುಗುತ್ತದೆ. ಒಂದು ಮೈಕ್ರೊಮೀಟರ್‌ನಷ್ಟು ದಪ್ಪದ ನರದ ನಾರೂ ಬೆಳಕನ್ನು ಹೀಗೇ ಅಡ್ಡಕ್ಕೆ ಚದುರಿಸುತ್ತದೆ. ಎರಡು ಕೂದಲನ್ನು ಒಂದಕ್ಕೊಂದು ಅಡ್ಡಲಾಗಿ ಹಿಡಿದರೆ ಎರಡು ಗೆರೆ. ಇಲ್ಲಿ ಒಂದನ್ನೊಂದು ಅಳಿಸುವ ಪ್ರಶ್ನೆಯೇ ಇಲ್ಲ. (ಚದುರುವಿಕೆ ಅಂದ ಕೂಡಲೇ ಸಿ.ವಿ. ರಾಮನ್ ಅವರ 1928ರ ಶೋಧ ನೆನಪಾಗುತ್ತದೆ ಅಲ್ವಾ? ಅಲ್ಲಿ ಚದುರಿದ ಬೆಳಕಿನ ಒಂದು ಪುಟ್ಟ ಪಾಲು ತನ್ನ ಬಣ್ಣವನ್ನೇ ಬದಲಿಸುತ್ತದೆ. ನಮ್ಮ ಕೆಲಸದಲ್ಲಿ ಬಣ್ಣ ಹಾಗೇ ಉಳಿಯುತ್ತದೆ. ನಮಗೆ ಬೇಕಾದದ್ದು ದಿಕ್ಕು.)

ಉಪಕರಣ ಸರಳ. ಸ್ಲೈಡ್ ಮೇಲೆ ಕ್ಯಾಮೆರಾ, ಕೆಳಗೆ ಓರೆಯಾಗಿ ಒಂದು ಹಸಿರು ಎಲ್‌ಇಡಿ. ನೇರ ಬೆಳಕು ಕ್ಯಾಮೆರಾ ಸೇರುವುದಿಲ್ಲ, ನಾರು ಚದುರಿಸಿದ್ದು ಮಾತ್ರ ಸೇರುತ್ತದೆ. ಎಲ್‌ಇಡಿಯನ್ನು 15 ಡಿಗ್ರಿಯಂತೆ ಸುತ್ತಿಸುತ್ತಾ 24 ಚಿತ್ರ ತೆಗೆಯುತ್ತಿದ್ದೆ. ಆಗ ಪ್ರತಿ ಪಿಕ್ಸೆಲ್‌ಗೂ ಹೊಳಪಿನ 24 ಅಂಕಿಗಳ ಒಂದು ಏರಿಳಿತದ ಗೆರೆ ಸಿಗುತ್ತದೆ. 180 ಡಿಗ್ರಿ ದೂರದಲ್ಲಿ ಎರಡು ಶಿಖರ ಇದ್ದರೆ ಒಂದೇ ದಿಕ್ಕಿನ ನಾರು. ಶಿಖರಗಳ ನಡುಮಧ್ಯವೇ ಅದರ ದಿಕ್ಕು. ನಾಲ್ಕು ಶಿಖರ ಇದ್ದರೆ ಎರಡು ನಾರುಗಳು ಹಾದುಹೋಗುತ್ತಿವೆ. ನಾರು ಮೇಲಕ್ಕೆ ಓರೆಯಾದಂತೆ ಎರಡು ಶಿಖರಗಳು ಹತ್ತಿರ ಸರಿಯುತ್ತವೆ.

ಮೊದಲ ಬಣ್ಣದ ನಕ್ಷೆ ಬಂದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಊಟ ಮರೆತೆ. ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣ. ಗೈಡ್ ಮೇಡಂ ತುಂಬಾ ಹೊತ್ತು ನೋಡಿದರು. ಆಮೇಲೆ, "ಸ್ಲೈಡ್ 90 ಡಿಗ್ರಿ ತಿರುಗಿಸಿ ಇನ್ನೊಂದು ಸಲ ತೆಗೀರಿ" ಎಂದರು.

ತಿರುಗಿಸಿ ತೆಗೆದೆ. ನಾರುಗಳ ಬಣ್ಣ ಬದಲಾಗಬೇಕಿತ್ತು. ಹೆಚ್ಚಿನವು ಬದಲಾದವು. ಆದರೆ ಮಿದುಳಿನ ನಾರು ಕಡಿಮೆ ಇರುವ ಬೂದು ಭಾಗದ (ಗ್ರೇ ಮ್ಯಾಟರ್) ತುಂಬ ಹರಡಿದ್ದ ತೆಳು ಹಸಿರು ಹಾಗೇ ಕೂತಿತ್ತು. ಅದು ಅಂಗಾಂಶದ್ದಲ್ಲ, ನನ್ನ ಉಪಕರಣದ್ದು. ಎಲ್‌ಇಡಿ ಸುತ್ತುವ ವೃತ್ತದ ಕೇಂದ್ರ ಸ್ಲೈಡ್‌ನ ಕೇಂದ್ರಕ್ಕೆ ಸರಿಯಾಗಿ ಕೂತಿರಲಿಲ್ಲ. ಒಂದು ಕಡೆ ಬೆಳಕು ಸ್ವಲ್ಪ ಜಾಸ್ತಿ ಬೀಳುತ್ತಿತ್ತು. ಎಲ್ಲ ಕಡೆಗೂ ಒಂದೇ ಸಮ ಚದುರಿಸುವ ಡಿಫ್ಯೂಸರ್ ಹಾಳೆಯನ್ನು ಸ್ಲೈಡ್ ಜಾಗದಲ್ಲಿಟ್ಟು 24 ಚಿತ್ರ ತೆಗೆದೆ. ಅಂಗಾಂಶದ ಚಿತ್ರಗಳನ್ನು ಅವುಗಳಿಂದ ಭಾಗಿಸಿದ ಮೇಲೆ ಹಸಿರು ಹೋಯಿತು. ಈ ಬಗೆಯ ಕೆಲಸ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಸ್ಲೈಡ್ ತಿರುಗಿಸಿ ನೋಡದೆ ಯಾವ ಬಣ್ಣವನ್ನೂ ನಂಬಬೇಡಿ.

ಇನ್ನೊಂದು ತಪ್ಪು ಕೋಡ್‌ನಲ್ಲಿತ್ತು. ಅಕ್ಕಪಕ್ಕದ ಪಿಕ್ಸೆಲ್‌ಗಳ ಕೋನವನ್ನು ಸುಮ್ನೆ ಸರಾಸರಿ ಮಾಡುತ್ತಿದ್ದೆ. 179 ಡಿಗ್ರಿಯ ನಾರು, 1 ಡಿಗ್ರಿಯ ನಾರು ಹೆಚ್ಚುಕಡಿಮೆ ಒಂದೇ ದಿಕ್ಕಿನವು. ನಾರಿಗೆ ತಲೆ ಬಾಲ ಇಲ್ಲವಲ್ಲ. ಸರಾಸರಿ ಮಾತ್ರ 90 ಬರುತ್ತದೆ, ಪೂರ್ತಿ ಅಡ್ಡ! ಕೋನವನ್ನು ಎರಡರಷ್ಟು ಮಾಡಿ, ಬಾಣಗಳಂತೆ ಕೂಡಿಸಿ, ಬಂದ ಕೋನವನ್ನು ಅರ್ಧ ಮಾಡಬೇಕು. ಇದು ಗೊತ್ತಾಗುವುದಕ್ಕೆ ಮೂರು ವಾರ ಹಿಡಿಯಿತು.

ಗ್ಲಿಸರಿನ್‌ ವಿಷಯವನ್ನೂ ಹೇಳಬೇಕು. ಬಿಲ್ಲೆಯನ್ನು ಸ್ಲೈಡ್ ಮೇಲೆ ಹಚ್ಚುವುದು ಅದರಲ್ಲೇ. ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಕೆಳಗೆ ಗುಳ್ಳೆ ಸಿಕ್ಕಿಕೊಂಡರೆ ಅದರ ಅಂಚು ನಾರಿಗಿಂತ ಜೋರಾಗಿ ಹೊಳೆಯುತ್ತದೆ. ಬಿಲ್ಲೆ ಹಳೆಯದಾದಂತೆ ಗ್ಲಿಸರಿನ್ ಒಳಗೆ ಇಳಿದು ಅಂಗಾಂಶ ಪಾರದರ್ಶಕವಾಗುತ್ತದೆ, ಚದುರುವಿಕೆ ಕುಗ್ಗುತ್ತದೆ. ಅದಕ್ಕೇ ಬಿಲ್ಲೆ ಹಚ್ಚಿದ ದಿನ, ಗಂಟೆ ಎಲ್ಲ ಬರೆದಿಡುತ್ತಿದ್ದೆ.

ಆದರೂ ಹಾದುಹೋಗುವ ನಾರುಗಳನ್ನು ನಿಜವಾಗಿ ಹಿಡಿಯುತ್ತಿದ್ದೇನೆ ಅನ್ನುವುದಕ್ಕೆ ಏನು ಆಧಾರ? ಉತ್ತರ ಮೊದಲೇ ಗೊತ್ತಿರುವ ಮಾದರಿ ಬೇಕಿತ್ತು. ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್‌ನ ನಡುಭಾಗದಲ್ಲಿ ನಾರುಗಳು ಒಂದೇ ದಿಕ್ಕಿಗೆ ಸಾಲಾಗಿ ಹೋಗುತ್ತವೆ. ಅದರ ಎರಡು ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಅಡ್ಡಲಾಗಿ ಇಟ್ಟೆ. ಪೋಲರೈಸರ್‌ನಲ್ಲಿ ನೋಡಿದರೆ ಎರಡೂ ಕೂಡುವ ಚೌಕ ಕಪ್ಪಾಗಿತ್ತು. ನನ್ನ ಹಳೆಯ ಮಚ್ಚೆಯ ಹಾಗೇ. ಎಲ್‌ಇಡಿ ಸುತ್ತಿಸಿದಾಗ ಅದೇ ಚೌಕದಲ್ಲಿ ನಾಲ್ಕು ಶಿಖರಗಳು ಬಂದವು.

ಅದೇ ಸಂಜೆ ಮೂಲೆಯ ಆ ಮಚ್ಚೆಗೆ ಮರಳಿದೆ. ಅದರ ಹೆಚ್ಚಿನ ಭಾಗದಲ್ಲಿ ನಾಲ್ಕು ಶಿಖರ. ಬಂದ ಎರಡು ಕಟ್ಟುಗಳೂ ಒಳಗೆ ಹಾದು ಆಚೆ ಹೋಗುತ್ತಿದ್ದವು. ಒಂದು ಅಂಚಿನಲ್ಲಿ ಮಾತ್ರ ಗೆರೆ ಸಪಾಟಾಗಿತ್ತು: ಒಂದೋ ನಾರಿಲ್ಲ, ಇಲ್ಲವೇ ನಾರು ನೆಟ್ಟಗೆ ನಿಂತಿದೆ. ಅಲ್ಲಿ ಸಾದಾ ಬೆಳಕಿನ ಚಿತ್ರ ತೆಗೆದು ನೋಡಿದೆ. ನಾರಿಲ್ಲದ ಜಾಗ ತಿಳಿಯಾಗಿ ಕಾಣುತ್ತದೆ, ನೆಟ್ಟಗೆ ನಿಂತ ನಾರಿದ್ದರೆ ಬೆಳಕು ಕಡಿಮೆ ದಾಟುತ್ತದೆ. ಆ ಅಂಚು ದಟ್ಟವಾಗಿತ್ತು. ನಕ್ಷೆಯಲ್ಲಿ ಆ ಪಿಕ್ಸೆಲ್‌ಗಳಿಗೆ ಬಣ್ಣ ಕೊಡದೆ ಬೂದಾಗಿಯೇ ಬಿಟ್ಟೆ, ಪಕ್ಕದಲ್ಲಿ "ನೆಟ್ಟಗಿನ ನಾರು" ಎಂದು ಬರೆದೆ.